ಇಲ್‌ಖಾನರ ಬುದ್ಧಗುಡಿ ಮತ್ತು ನನ್ನ ಗೈಡು

ನನ್ನ ಪಿಎಚ್.ಡಿ. ಗೈಡನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ದೊಡ್ಡ ಮನಸ್ಸು ಮಾಡಿ ಮರೆತುಬಿಡು ಎನ್ನುವವರಿಗೆ ನನ್ನದು ಒಂದೇ ಮಾತು: ಬೇಕಾದರೆ ನೀವು ಮರೆಯಿರಿ, ನಾನಂತೂ ಮರೆಯಲಾರೆ.

ನಾನು ದೇವದುರ್ಗದ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಊರು ಗಬ್ಬೂರು. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದರು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಪಿಎಚ್.ಡಿ.ಗೆ ನಾನು ಆರಿಸಿಕೊಂಡದ್ದು ಮಂಗೋಲರನ್ನು. ಅದರಲ್ಲೂ ಬಾಗ್ದಾದನ್ನು ಕೆಡವಿ ಇರಾನನ್ನು ಆಳಿದ ಇಲ್‌ಖಾನರನ್ನು. ಅದಕ್ಕಾಗಿ ರಾಯಚೂರಿನ ಉರ್ದು ಮೇಷ್ಟ್ರೊಬ್ಬರ ಮನೆಗೆ ವರ್ಷಗಟ್ಟಲೆ ಅಲೆದು ಫಾರಸಿ ಕಲಿತೆ. ಸಿಕ್ಕಿದವರದೆಲ್ಲ ಒಂದೇ ರಾಗ: "ನಿಮ್ಮ ಮಂದಿ ಮ್ಯಾಲೆ ಮಾಡಬಾರದೇನವಾ? ಆ ಕುದುರಿ ಮಂದಿ ನಿನಗ್ಯಾಕ ಬೇಕಿತ್ತು?" ಕೂಲಿಕಾರರ ಮಗಳು ಕೂಲಿಕಾರರನ್ನೇ ಓದಬೇಕಂತೆ. ಪ್ರಪಂಚದ ಇತಿಹಾಸವೇನು ಇವರಪ್ಪನ ಮನೆಯ ಆಸ್ತಿಯೇ?

ಗೈಡಿನ ಮನೆ ರಾಯಚೂರಿನಲ್ಲಿ. ಗುರುಗಳ ಮನೆಗೆ ಬರಿಗೈಲಿ ಹೋಗಬಾರದು, ಅದು ನಮ್ಮ ಕಡೆಯ ರಿವಾಜು. ಮೊದಲ ಸಲ ಅವ್ವ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅವರು ಗಂಟನ್ನು ಮುಟ್ಟಲೂ ಇಲ್ಲ.

"ಇದೆಲ್ಲಾ ಯಾಕ ತಂದಿ? ನನಗ ಡಾಕ್ಟರು ಬ್ಯಾಡ ಅಂದಾರ. ಬೇಕಾದ್ರ ತೊಗರಿ ಬ್ಯಾಳಿ ತಂದುಕೊಡು, ನಿಮ್ಮ ಕಡಿ ಬ್ಯಾಳಿ ಭಾಳ ಚಲೋ ಇರತದ" ಎಂದರು.

ಆಗ ತಿಳಿಯಿತು, ನಮ್ಮ ಮನೆಯದು ಹಸಿಯದಾದರೆ ನಡೆಯುತ್ತದೆ, ಬೇಯಿಸಿದ್ದು ನಡೆಯುವುದಿಲ್ಲ. ಥೀಸಿಸ್‌ಗೆ ಅವರ ಸಹಿ ಬೇಕಿತ್ತಲ್ಲ, ಹಲ್ಲು ಕಚ್ಚಿಕೊಂಡು ಬೇಳೆ ಹೊತ್ತೆ.

ನನ್ನ ಮೂರನೇ ಅಧ್ಯಾಯವಿದ್ದದ್ದು ಇಲ್‌ಖಾನರ ಬುದ್ಧಗುಡಿಗಳ ಮೇಲೆ. ಮುಸ್ಲಿಮರಾಗುವ ಮೊದಲು ಅವರು ಇರಾನಿನಲ್ಲಿ ಬುದ್ಧನ ಗುಡಿ ಕಟ್ಟಿಸಿದ್ದರು, ದೂರದೂರದಿಂದ ಭಿಕ್ಷುಗಳನ್ನು ಕರೆಸಿ ಸಾಕಿದ್ದರು. ಫಾರಸಿ ಮೂಲವನ್ನೇ ಓದಿ, ಕಣ್ಣು ಉರಿಯುವ ತನಕ ಕೂತು ಬರೆದಿದ್ದೆ. ಗೈಡು ಒಂದೆರಡು ಪುಟ ಮಗುಚಿ ನಕ್ಕರು.

"ನಿಮ್ಮ ಮನ್ಯಾಗಿನ ಬುದ್ಧನ್ನ ಇರಾನಿಗೆ ಯಾಕ ಒಯ್ದಿ? ಇದು ಭಕ್ತಿ ಆತು, ಸಂಶೋಧನಾ ಅಲ್ಲ. ತೆಗಿ ಇದನ್ನ."

"ಮೂಲ ತೋರಸ್ತೀನ್ರೀ ಸರ್."

"ತೆಗದ್ರ ಸಹಿ. ಇಲ್ಲಾಂದ್ರ ಬ್ಯಾರೆ ಗೈಡ್ ಹುಡುಕ್ಕೋ."

ತೆಗೆದೆ. ಆ ಹಾಳೆಗಳು ಅವರ ಮೇಜಿನ ಮೇಲೆಯೇ ಉಳಿದವು. ಊರಿಗೆ ಹೋಗುವ ಬಸ್ಸಿನಲ್ಲಿ ಕಲ್ಮಲ ದಾಟುವ ತನಕ ಅತ್ತೆ.

ಕೆಲವು ತಿಂಗಳ ಮೇಲೆ, ಸಹಿ ಇನ್ನೂ ಬೀಳದಿರುವಾಗಲೇ, ಮಾನ್ವಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಮುಖ್ಯ ಭಾಷಣ ನಮ್ಮ ಗೈಡಿನದು. ಶಾಲು ಹೊದಿಸಿಕೊಂಡು, ಹಾರ ತೆಗೆದಿಟ್ಟು, ಗಂಟಲು ಸರಿಮಾಡಿಕೊಂಡು ಅವರು ಓದಲು ಹಿಡಿದದ್ದು ನನ್ನ ಮೂರನೇ ಅಧ್ಯಾಯ! ಒಂದಕ್ಷರ ಬದಲಿರಲಿಲ್ಲ. ನಡುನಡುವೆ "ನಾನು ಕಂಡುಕೊಂಡಂತೆ" ಎಂದು ಬೇರೆ ಸೇರಿಸುತ್ತಿದ್ದರು. ಅಬ್ಬಬ್ಬಾ, ಏನು ಎದೆಗಾರಿಕೆ! ಭಕ್ತಿಯೆಂದು ಹೀಯಾಳಿಸಿದ್ದು ಅವರ ಬಾಯಿಗೆ ಬಂದ ಕೂಡಲೇ ಸಂಶೋಧನೆಯಾಯಿತು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಆಗ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ಆ ಗುಡಿಗಳು ಈಗೂ ಅದಾವೇನ್ರೀ?"

ಗೈಡು ಹಾಳೆ ತಿರುವಿದರು. ಉತ್ತರ ಅಲ್ಲೆಲ್ಲಿತ್ತು? ಅದನ್ನು ನಾನು ಬರೆದದ್ದು ನಾಲ್ಕನೇ ಅಧ್ಯಾಯದಲ್ಲಿ, ಅವರು ಅದನ್ನು ತೆರೆದೂ ನೋಡಿರಲಿಲ್ಲ. ಸಭೆಯಲ್ಲಿದ್ದ ನನ್ನನ್ನು ಕೈಮಾಡಿ ಕರೆದರು. "ಇಂಥಾ ಸಣ್ಣಪುಟ್ಟಾವೆಲ್ಲಾ ನಮ್ಮ ಹುಡುಗಿ ಹೇಳ್ತಾಳ" ಎಂದು ಮೈಕು ನನ್ನ ಕೈಗಿಟ್ಟರು.

"ಇಲ್ಲವಾ" ಎಂದೆ ಆ ಹುಡುಗಿಗೆ. "ಮುಂದ ಮುಸ್ಲಿಮನಾದ ಒಬ್ಬ ಖಾನ್ ಎಲ್ಲಾ ಕೆಡವಿಸಿದ. ಒಂದು ಗುಡಿ ಗ್ವಾಡಿ ಮ್ಯಾಲೆ ಆ ಖಾನನ ಅಪ್ಪನ ಚಿತ್ರ ಇತ್ತು. ಅದರ ಮ್ಯಾಲೆ ಮಳಿ, ಹಿಮ ಬೀಳಾಕತ್ತದ, ಅದೊಂದನ್ನರೆ ತಿರುಗಿ ಕಟ್ಟಸು ಅಂತ ಅರಮನಿ ಮಂದಿ ಕೇಳಿಕೊಂಡ್ರು. ಒಲ್ಲೆ ಅಂದ."

ಗೈಡು ಮೈಕಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ಇಷ್ಟೊತ್ತು ಸರ್ ಓದಿದ್ದು ನಾ ಬರದದ್ದು. ಇದು ಸಂಶೋಧನಾ ಅಲ್ಲ, ತೆಗಿ ಅಂತ ನನಗ ಹೇಳಿದವರೂ ಇವರ."

ಯಾರೋ ಬಂದು ಮೈಕು ಕಸಿದುಕೊಂಡರು. ಹೊರಗೆ ಪಡಸಾಲೆಯಲ್ಲಿ ಗೈಡು ಅಡ್ಡ ನಿಂತರು: "ಇನ್ನ ನಿನ್ನ ಥೀಸಿಸ್‌ಗೆ ಯಾರು ಸಹಿ ಮಾಡ್ತಾರ, ನಾನೂ ನೋಡ್ತೀನಿ."

"ನೋಡ್ರಿ" ಎಂದು ಬಸ್‌ಸ್ಟ್ಯಾಂಡಿಗೆ ನಡೆದೆ.

ಅವರ ಮಾತೇ ನಡೆದಿದೆ. ಯಾವ ಪ್ರೊಫೆಸರರ ಬಾಗಿಲಿಗೆ ಹೋದರೂ ಅವರ ಗೆಳೆಯರು, ಇಲ್ಲವೇ ಅವರ ಕೈಕೆಳಗೆ ಓದಿದವರು. ಮೂರನೇ ಅಧ್ಯಾಯವನ್ನು ಅದರ ಜಾಗಕ್ಕೇ ಸೇರಿಸಿದ್ದೇನೆ. ಥೀಸಿಸ್ ಮುಗಿದು ಕೂತಿದೆ, ಸಹಿ ಹಾಕುವವರಿಲ್ಲ.

ಮೊನ್ನೆ ಆ ಸಂಕಿರಣದ ಪುಸ್ತಕ ಬಂತು. ಮೊದಲ ಲೇಖನ ಗೈಡಿನದು, ಅವರೊಬ್ಬರದೇ ಹೆಸರು. ಕೊನೆಯ ಪುಟಕ್ಕೆ ಬಂದರೆ ಕೆಡವಿದ ಗುಡಿ, ಗೋಡೆಯ ಮೇಲಿನ ಖಾನನ ಅಪ್ಪನ ಚಿತ್ರ, ಮಳೆ, ಹಿಮ ಎಲ್ಲ ಇದೆ. ಅಂದು ಆ ಹುಡುಗಿಗೆ ನಾನು ಕೊಟ್ಟ ಉತ್ತರವನ್ನೂ ಬಿಟ್ಟಿಲ್ಲ.