ವೈರು ಮುಗಿದ ಮೇಲೆ ಶುರುವಾದ ಸಭೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ರೇಡಿಯೊ ಹಾಕಿದ ಕೂಡಲೇ ಮಾತು ಬರುತ್ತಿರಲಿಲ್ಲ. ಮೊದಲು ವಾಸನೆ ಬರುತ್ತಿತ್ತು. ಒಳಗಿನ ವಾಲ್ವುಗಳು ಕಾದು, ಅವುಗಳ ಮೇಲೆ ಕೂತ ಧೂಳು ಮೆಲ್ಲಗೆ ಸುಡುವ ವಾಸನೆ. ಅದು ಮೂಗಿಗೆ ತಾಕಿದರೆ ಇನ್ನೇನು ಯಾರೋ ಮಾತಾಡುತ್ತಾರೆ ಎಂದು ಮನೆಯವರೆಲ್ಲ ಸುಮ್ಮನಾಗುತ್ತಿದ್ದರು.

ಈಗ ಬೆಳಕು ಹರಿಯುವ ಹೊತ್ತಿನಲ್ಲಿ, ಕಾಲುವೆ ಪಕ್ಕದ ಈ ಸಭಾಭವನದಲ್ಲಿ ಅದೇ ವಾಸನೆ. ಮಡಿಚುವ ಕುರ್ಚಿಗಳ ನಡುವೆ ಕುಕ್ಕುರುಗಾಲಿನಲ್ಲಿ ಕೂತ ಒಬ್ಬರು ಹಳೆಯ ಆಂಪ್ಲಿಫೈಯರ್ ಬಿಸಿಯಾಗಲೆಂದು ಕಾಯುತ್ತಿದ್ದಾರೆ. ಕಾಯುವುದು ಅವರಿಗೆ ಒಗ್ಗಿದಂತೆ ಕಾಣುವುದಿಲ್ಲ. ಏಳುತ್ತಾರೆ, ಒಂದು ಕುರ್ಚಿಯಲ್ಲಿ ಕೂತು ಅತ್ತಿತ್ತ ವಾಲಿ ನೋಡುತ್ತಾರೆ, ಪಕ್ಕದ್ದಕ್ಕೆ ಹೋಗುತ್ತಾರೆ.

"ಕುರ್ಚಿ ಕಾಲು ಕುಂಟಿದ್ರೆ ಅದರಲ್ಲಿ ಕೂತೋರು ಬಾಯಿ ಬಿಡಲ್ಲಮ್ಮ. ಬೀಳದೇ ಇದ್ರೆ ಸಾಕು ಅನ್ನೋದರ ಮೇಲೇ ಅವರ ಗಮನ," ಎನ್ನುತ್ತಾರೆ. ಕುಂಟುವ ಕುರ್ಚಿಯನ್ನು ತಮಗೇ ಇಟ್ಟುಕೊಂಡು, ನನ್ನ ಮಂಡಿನೋವು ಹೇಗೆ ತಿಳಿಯಿತೋ, ಗಟ್ಟಿಯಾದದ್ದೊಂದನ್ನು ಗೋಡೆಗೆ ಒರಗಿಸಿ ನನಗೆ ಕೊಡುತ್ತಾರೆ.

ಊರಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಮೈಕಣ್ಣ ಎಂದು. ರಸ್ತೆ, ಸೇತುವೆ, ಆಸ್ಪತ್ರೆ, ಯಾವುದನ್ನೇ ಕಟ್ಟುವ ಅಥವಾ ಕೆಡವುವ ಮುನ್ನ ಜನರ ಅಹವಾಲು ಕೇಳಬೇಕೆಂಬ ನಿಯಮವಿದೆ. ಕೇಳಬೇಕಾದವರು ಎಂಜಿನಿಯರುಗಳು, ನಗರ ಯೋಜಕರು, ವೈದ್ಯಾಧಿಕಾರಿಗಳು. ಕಟ್ಟುವ ವಿದ್ಯೆ ಅವರಿಗೆ ಗೊತ್ತು. ನೂರು ಜನರನ್ನು ಕೂರಿಸಿಕೊಂಡು ಎಲ್ಲರ ಮಾತೂ ಬರುವಂತೆ ಸಭೆ ನಡೆಸುವುದು ಬೇರೆಯದೇ ವಿದ್ಯೆ. ಅದನ್ನು ಅವರಿಗೆ ಕಲಿಸುವುದು ಮೈಕಣ್ಣನ ಕೆಲಸ.

ಅವರ ತಂದೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಸಭೆಗಳಲ್ಲಿ ಮೈಕ್ ಹಿಡಿದು ಓಡುವ ಕೆಲಸ ಮಗನದು. "ನಮ್ಮ ವೈರು ಮೂರನೇ ಸಾಲಿಗೆ ಮುಗಿದುಹೋಗ್ತಿತ್ತು. ಹಿಂದಿನ ಸಾಲಲ್ಲಿ ಯಾರಾದ್ರೂ ಕೈ ಎತ್ತಿದ್ರೆ, ವೈರು ಬರಲ್ಲ ಕೂತ್ಕೋಪ್ಪ ಅಂತಿದ್ರು. ಊರಿನ ಅಭಿಪ್ರಾಯ ಅಂದ್ರೆ ಮೂರು ಸಾಲಿನ ಅಭಿಪ್ರಾಯ." ಮುಂದೆ ಕಾಲೇಜು ಓದಿದರು, ಸಮಾಜಕಾರ್ಯದಲ್ಲಿ ಪದವಿ ಪಡೆದರು. ಆ ಆಂಪ್ಲಿಫೈಯರ್ ಮಾತ್ರ ಬಿಡಲಿಲ್ಲ. ವೈರು ಉದ್ದ ಮಾಡಿಸಿದ್ದಾರೆ.

ಅವರ ತರಗತಿಯಲ್ಲಿ ಪಾಠಕ್ಕಿಂತ ನಾಟಕ ಹೆಚ್ಚು. ಹಿರಿಯ ಅಧಿಕಾರಿಯೊಬ್ಬರ ಮಡಿಲಿಗೆ ಮರಳಿನ ಚೀಲ ಇಟ್ಟು, "ಇದು ನಿಮ್ಮ ಮಗು ಸಾರ್, ಹಸಿದಿದೆ, ನಿಮ್ಮ ಬಸ್ಸು ಈಗ ಹೊರಡುತ್ತೆ, ಮಾತಾಡಿ" ಎನ್ನುತ್ತಾರೆ. ಅಧಿಕಾರಿ ತಡವರಿಸುವಷ್ಟರಲ್ಲಿ ಮೈಕ್ ಕಿತ್ತುಕೊಳ್ಳುತ್ತಾರೆ. "ಇನ್ನೂ ಮುಗಿದಿಲ್ಲ ಕಣ್ರೀ!" ಎಂದು ಅಧಿಕಾರಿ ಕೆಂಪಾದರೆ, "ಸಮಯ ಇಲ್ಲ ಸಾರ್, ಬರೆದು ಕೊಡಿ" ಎಂದು, ಸಭೆಗಳಲ್ಲಿ ಅವರು ಜನರಿಗೆ ಹೇಳುವ ದನಿಯಲ್ಲೇ ಮೈಕಣ್ಣನ ಉತ್ತರ. ತರಗತಿ ಬಿದ್ದು ಬಿದ್ದು ನಗುತ್ತದೆ. ಮೊದಮೊದಲು ನಗದೆ ಎದ್ದುಹೋದವರೂ ಇದ್ದರಂತೆ. ವಾರವಿಡೀ ನಡೆಯುತ್ತಿದ್ದ ತರಬೇತಿಯನ್ನು ಇಲಾಖೆಯವರು ಈಗ ಎರಡು ದಿನಕ್ಕೆ ಇಳಿಸಿದ್ದಾರೆ. ಕಾಯಂ ಹುದ್ದೆ ಇಲ್ಲ. ಕರೆದಾಗ ಹೋಗಬೇಕು, ಕರೆಯದಿದ್ದರೆ ಮನೆಯಲ್ಲಿ ಚಡಪಡಿಸಬೇಕು.

"ಊರಿಗೆಲ್ಲ ಕೇಳೋದು ಕಲಿಸ್ತಾರೆ," ಎಂದು ಅವರ ಹೆಂಡತಿ ಹಿಂದಿನ ದಿನ, ಮೈಕಣ್ಣನ ಬಗ್ಗೆ ಬರೆಯಲೆಂದು ಮನೆಗೆ ಹೋದ ನನಗೆ ಹೇಳಿದ್ದರು. "ಮನೇಲಿ ನಾನು ಮೂರು ಸಲ ಕೂಗಿದ್ರೂ ಹೂಂ ಅನ್ನಲ್ಲ. ನನಗೂ ಒಂದು ಮೈಕ್ ಕೊಡಿಸಿ ಅಂದಿದ್ದೀನಿ. ಸಭೆ ಇದ್ದ ದಿನ ಊಟದ ಡಬ್ಬಿ ಹೋದ ಹಾಗೇ ವಾಪಸ್ ಬರುತ್ತೆ. ಆದ್ರೂ ಕಟ್ತೀನಿ. ಬಿಡೋಕಾಗುತ್ತಾ?" ಆ ಡಬ್ಬಿ ಈಗ ಆಂಪ್ಲಿಫೈಯರ್ ಪಕ್ಕದಲ್ಲಿ ಕೂತಿದೆ.

ಇವತ್ತಿನ ಸಭೆ ಕಾಲುವೆಯ ಮೇಲಿನ ಕಾಲುಸೇತುವೆಯ ಬಗ್ಗೆ. ಸೋಮವಾರ ಅದನ್ನು ಒಡೆದು ದೊಡ್ಡ ಸೇತುವೆ ಕಟ್ಟಲು ಶುರುಮಾಡುತ್ತಾರೆ. ಕೆಲಸ ಮುಗಿಯಲು ಎರಡು ವರ್ಷ. ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ದಿನವೂ ಇದೇ ಸೇತುವೆ ದಾಟಿ ಬರುತ್ತಾರೆ. ಇದು ಹೋದರೆ ಅವರಿಗೆ ಉಳಿಯುವುದು ಹೆದ್ದಾರಿಯ ಸೇತುವೆ. ಅಲ್ಲಿ ನಡೆಯುವವರಿಗೆ ದಾರಿಯಿಲ್ಲ, ಲಾರಿಗಳು ಮೈಗೆ ತಾಕುವಂತೆ ಹೋಗುತ್ತವೆ. ಸಭೆಯಲ್ಲಿ ಆಕ್ಷೇಪ ಬಾರದಿದ್ದರೆ ಸೋಮವಾರವೇ ಸುತ್ತಿಗೆ ಬೀಳುತ್ತದೆ.

ಸಭೆ ನಡೆಸುವವಳು ಮೈಕಣ್ಣನ ಶಿಷ್ಯೆ, ಕಿರಿಯ ಎಂಜಿನಿಯರ್. ಇದು ಅವಳ ಮೊದಲ ಸಭೆ. ಕಲಿಸಿದವನು ಸಭೆಯಲ್ಲಿ ಬಾಯಿ ತೆರೆಯಬಾರದು ಎಂಬುದು ಮೈಕಣ್ಣನ ನಿಯಮ. "ನಾನು ಬಾಯಿ ಹಾಕಿದ್ರೆ ಜನ ನನ್ನ ಕಡೆ ನೋಡ್ತಾರೆ. ಆಮೇಲೆ ಎಂಜಿನಿಯರಮ್ಮನ್ನ ಯಾರು ನಂಬ್ತಾರೆ?"

ಅವಳು ಕಲಿತದ್ದನ್ನೆಲ್ಲ ಮಾಡಿದ್ದಾಳೆ. ಹೆಂಗಸರ ಪಾಳಿ ಶುರುವಾಗುವ ಮುಂಚೆಯೇ ಸಭೆ ಇಟ್ಟಿದ್ದಾಳೆ. ಪ್ರಕಟಣೆಯನ್ನು ಗೋಡೆಗೆ ಅಂಟಿಸಿ ಸುಮ್ಮನಾಗದೆ ಸೇತುವೆಯ ಮೇಲೆ ನಿಂತು ಓದಿ ಹೇಳಿದ್ದಾಳೆ. ಕುರ್ಚಿಗಳನ್ನು ಮೈಕಣ್ಣನಿಗೆ ಪ್ರಿಯವಾದ ವೃತ್ತಾಕಾರದಲ್ಲಿ ಹಾಕಿಸಿದ್ದಾಳೆ. ವೃತ್ತದಲ್ಲಿ ಮುಂದಿನ ಸಾಲೂ ಇಲ್ಲ, ಹಿಂದಿನ ಸಾಲೂ ಇಲ್ಲ.

ಹೆಂಗಸರು ಬರುತ್ತಾರೆ. ಸೋಪಿನ ನೀರಿಗೆ ಬೆಳ್ಳಗಾದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಒತ್ತೊತ್ತಾಗಿ ಕೂರುತ್ತಾರೆ. ಅವರ ಹಿಂದೆಯೇ ಅವರ ಮೇಸ್ತ್ರಿ ಬಂದು ನೇರ ಎದುರಿಗೆ ಕೂರುತ್ತಾರೆ. ಯಾರಿಗೆ ಯಾವ ಪಾಳಿ ಎಂದು ನಿರ್ಧರಿಸುವವರು ಅವರೇ. ಒರಟು ಮನುಷ್ಯರೇನಲ್ಲ, ಎಲ್ಲರನ್ನೂ ನೋಡಿ ನಗುತ್ತಾರೆ.

"ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ ಸಾರ್," ಎಂದು ಮೈಕ್ ಸಿಕ್ಕ ಕೂಡಲೇ, ಶಿಷ್ಯೆಯ ಮೇಲಧಿಕಾರಿಯಾಗಿ ಬಂದು ಕೂತಿದ್ದ ಹಿರಿಯ ಎಂಜಿನಿಯರ್ ಕಡೆಗೆ ತಿರುಗಿ ಹೇಳುತ್ತಾರೆ. "ಬಟ್ಟೆ ಸಾಗಿಸೋಕೆ ವ್ಯಾನ್ ಇದೆ."

ಆಮೇಲೆ ಮೈಕ್ ಹೆಂಗಸರ ಕಡೆ ಹೋಗುತ್ತದೆ. ಬಿಸಿ ಪಾತ್ರೆಯ ಹಾಗೆ ಕೈಯಿಂದ ಕೈಗೆ ದಾಟುತ್ತದೆ. "ಅವರು ಹೇಳಿದ್ದೇ." "ನಂದೂ ಅದೇ." ಒಬ್ಬಾಕೆ ಮೈಕ್ ಹಿಡಿದು, ತಲೆ ಎತ್ತಿ, ಎದುರಿಗಿದ್ದ ಮೇಸ್ತ್ರಿಯ ನಗುವನ್ನು ನೋಡಿ, ಮತ್ತೆ ತಲೆ ತಗ್ಗಿಸುತ್ತಾಳೆ.

ಮೈಕಣ್ಣನ ಕಾಲು ಕುಣಿಯತೊಡಗುತ್ತದೆ. ಕುಂಟು ಕುರ್ಚಿ ಟಕಟಕ ಎನ್ನುತ್ತದೆ. ಹೆಗಲ ಟವೆಲ್ ತೆಗೆದು ಹಿಂಡುತ್ತಾರೆ, ಏಳಲು ಹೋಗಿ ಕೂರುತ್ತಾರೆ. ನನಗೇ ಕೈಹಿಡಿದು ಕೂರಿಸಬೇಕು ಅನ್ನಿಸುತ್ತದೆ.

ಹಿರಿಯ ಎಂಜಿನಿಯರ್ ಗಡಿಯಾರ ನೋಡುತ್ತಾರೆ. "ಆಯ್ತಲ್ಲಮ್ಮ. ಆಕ್ಷೇಪಣೆ ಇಲ್ಲ ಅಂತ ಬರ್ಕೋ. ಮೌನಂ ಸಮ್ಮತಿ ಲಕ್ಷಣಂ."

"ಅದು ಮದುವೆ ಮಾತುಕತೆಗೆ ಸರಿ ಸಾರ್," ಎನ್ನುತ್ತಾಳೆ ಎಂಜಿನಿಯರ್ ಹುಡುಗಿ. "ಅಲ್ಲೂ ಈಗ ನಡೆಯಲ್ಲ." ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಹುಡುಗಿ ಮೈಕಣ್ಣನ ಕಡೆ ಒಮ್ಮೆ ನೋಡುತ್ತಾಳೆ. ಅವರು ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಅವಳು ವೃತ್ತವನ್ನು ನೋಡುತ್ತಾಳೆ, ಮೇಸ್ತ್ರಿಯನ್ನು, ಹೆಂಗಸರನ್ನು. ನಂತರ ಮೈಕನ್ನು ಕುರ್ಚಿಯ ಮೇಲೆ ಇಟ್ಟುಬಿಡುತ್ತಾಳೆ.

"ಸಭೆ ಮುಗಿದಿಲ್ಲ. ಎಲ್ಲರೂ ಸೇತುವೆ ಹತ್ತಿರ ಹೋಗೋಣ. ಅಕ್ಕ, ನೀವು ದಿನಾ ಹೇಗೆ ದಾಟ್ತೀರೋ ಹಾಗೇ ದಾಟಿ. ನಾವು ಜೊತೇಲಿ ಬರ್ತೀವಿ."

ಸೇತುವೆ ಇಬ್ಬರು ಜೊತೆಯಾಗಿ ನಡೆಯುವಷ್ಟೇ ಅಗಲ. ಹಿರಿಯ ಎಂಜಿನಿಯರ್ ಮತ್ತು ಮೇಸ್ತ್ರಿ ಮುಂದೆ ಹೋಗುತ್ತಾರೆ. ಅವರ ಹಿಂದೆ ಹೆಂಗಸರು, ಅವರ ನಡುವೆ ಹುಡುಗಿ. ಮೈಕಣ್ಣ ಮತ್ತು ನಾನು ಕೊನೆಯಲ್ಲಿ. ಯಾರ ಮುಖವೂ ಯಾರಿಗೂ ಎದುರಿಲ್ಲ, ಕಾಣುವುದು ಬೆನ್ನು ಮಾತ್ರ. ನಡು ಸೇತುವೆಗೆ ಬರುವಷ್ಟರಲ್ಲಿ ಮಾತು ತಾನಾಗಿ ಶುರುವಾಗಿದೆ.

"ಇಲ್ಲಿ ಕಂಬಿ ಹಿಡ್ಕೊಂಡು ನಡೀತೀವಿ, ಸಂಜೆ ದೀಪ ಇರಲ್ಲ."

"ಹೆದ್ದಾರೀಲಿ ಹಿಡ್ಕೊಳೋಕೆ ಏನಿದೆ? ಲಾರೀನಾ?"

"ನನ್ನ ತಂಗಿ ಬಸುರಿ. ಅವಳನ್ನ ಆ ಕಡೆ ಕಳಿಸಲ್ಲ. ಕೆಲಸ ಹೋದ್ರೆ ಹೋಗ್ಲಿ."

ಮೇಸ್ತ್ರಿ ತಿರುಗಿ ನೋಡುತ್ತಾರೆ. "ಏನಮ್ಮ, ವ್ಯಾನ್ ಇದೆ ಅಂತ ಹೇಳಿದ್ನಲ್ಲ?"

ಒಳಗೆ ತಲೆ ತಗ್ಗಿಸಿದ್ದಾಕೆಯೇ ಈಗ ಕಂಬಿ ಹಿಡಿದು ನಿಲ್ಲುತ್ತಾಳೆ. "ವ್ಯಾನ್ ಇರೋದು ಬಟ್ಟೆಗೆ ಮೇಸ್ತ್ರಿ. ಕೊಳೆ ಚಾದರ ಕೂತ್ಕೊಂಡು ಬರುತ್ತೆ, ಅದನ್ನ ಒಗೆಯೋರು ನಡ್ಕೊಂಡು ಬರ್ತೀವಿ. ಚಾದರಕ್ಕಿಂತ ಕಡೆಯಾದ್ವಲ್ಲ! ನಾಳೆ ನನಗೆ ರಾತ್ರಿ ಪಾಳಿ ಹಾಕ್ತೀರೇನೋ, ಹಾಕಿ."

ಎಲ್ಲರೂ ನಿಂತುಬಿಡುತ್ತಾರೆ. ಮೇಸ್ತ್ರಿ ಕಾಲುವೆಯ ನೀರು ನೋಡುತ್ತಾರೆ. ಆಮೇಲೆ ಅವರೇ ಮೆಲ್ಲಗೆ, "ಆ ಕಡೆ ದಾರಿ ಸರಿ ಇಲ್ಲ ಸಾರ್, ಅದು ನಿಜ" ಎನ್ನುತ್ತಾರೆ.

"ಹಾಗಾದ್ರೆ ಏನು ಮಾಡಿದ್ರೆ ಅನುಕೂಲ ಅಕ್ಕ?" ಎಂದು ಹುಡುಗಿ ಕೇಳುತ್ತಾಳೆ. ಉತ್ತರ ಹೆಂಗಸರಲ್ಲಿ ಸಿದ್ಧವಾಗಿಯೇ ಇತ್ತು. ಪಕ್ಕದಲ್ಲಿ ಹಲಗೆಯ ದಾರಿಯೊಂದನ್ನು ಮೊದಲು ಹಾಕಿ, ಕಂಬಿ ಕಟ್ಟಿ, ಆಮೇಲೆ ಇದನ್ನು ಒಡೆಯಿರಿ. ಅಷ್ಟೇ.

ಹಿರಿಯ ಎಂಜಿನಿಯರ್ ಕಂಬಿಯನ್ನು ಒಮ್ಮೆ ಅಲುಗಿಸಿ ನೋಡಿ ಹೇಳುತ್ತಾರೆ: "ಬರೆದು ಕೊಡಮ್ಮ. ಸೋಮವಾರ ಒಡೆಯೋದು ನಿಲ್ಲಿಸ್ತೀನಿ, ಅದು ನನ್ನ ಕೈಲಿದೆ. ಹಲಗೆ ದಾರಿಗೆ ಮೇಲಿನವರು ಒಪ್ಪಬೇಕು. ನಾನೇ ಹೋಗಿ ಕೇಳ್ತೀನಿ."

ಹೆಂಗಸರು ಪಾಳಿಗೆ ಓಡುತ್ತಾರೆ. ಬರೆಯುವಾಗ ಯಾರ ಗುರುತೂ ಹಾಕುವುದಿಲ್ಲ ಎಂದು ಹುಡುಗಿ ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಾಳೆ. ರಾತ್ರಿ ಪಾಳಿಯ ಮಾತೆತ್ತಿದಾಕೆಯ ಜೊತೆ ಆಸ್ಪತ್ರೆಯ ಬಾಗಿಲವರೆಗೂ ನಡೆದು ಬರುತ್ತಾಳೆ.

ಭವನಕ್ಕೆ ವಾಪಸಾದ ಮೈಕಣ್ಣ ವೈರು ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ಸಂತೋಷ ಆಯಿತೇ ಎಂದು ಕೇಳುತ್ತೇನೆ.

"ಆಯ್ತಮ್ಮ. ಆದ್ರೆ ನೋಡಿ, ಆ ವೃತ್ತ ನನ್ನ ಪಾಠ. ಎಲ್ಲರೂ ಎಲ್ಲರಿಗೂ ಕಾಣ್ತಾರೆ ಅಂತ ಹೆಮ್ಮೆಯಿಂದ ಹೇಳ್ಕೊಂಡು ಬಂದೆ. ಕಾಣಿಸ್ಕೊಂಡ್ರೆ ಮಾತು ಬರದೇ ಇರೋರೂ ಇರ್ತಾರೆ ಅಂತ ಹೊಳೀಲೇ ಇಲ್ಲ. ಎಷ್ಟು ಊರಲ್ಲಿ ಹೀಗೇ ಕೂರಿಸಿದ್ದೀನೋ. ಅಲ್ಲೆಲ್ಲ ಯಾರು ಬಾಯಿ ಮುಚ್ಕೊಂಡು ಎದ್ದುಹೋದ್ರೋ." ವೈರು ಕೈಯಲ್ಲೇ ನಿಲ್ಲುತ್ತದೆ. "ಮುಂದಿನ ತರಬೇತಿಗೆ ಎಂಜಿನಿಯರಮ್ಮ ಬಂದು ಇವತ್ತಿನದನ್ನ ಹೇಳಬೇಕು. ನಾನು ಹಿಂದೆ ಕೂತು ಕೇಳಬೇಕು. ನನಗೆ ಬೇಕಾಗಿರೋದು ಅಷ್ಟೇ."

ಕಿಟಕಿಯಾಚೆ, ಸೇತುವೆಯ ಮೆಟ್ಟಿಲ ಮೇಲೆ ಹುಡುಗಿ ಕೂತಿದ್ದಾಳೆ. ಹೆಂಗಸರ ಮಾತು ಮರೆಯುವ ಮುನ್ನ ಅವರದೇ ಪದಗಳಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಮೈಕಣ್ಣ ಹೊರಗೆ ಹೋಗಿ ಅವಳ ಹಿಂದೆ ನಿಲ್ಲುತ್ತಾರೆ. ಬಗ್ಗಿ ನೋಡುತ್ತಾರೆ. ತಿದ್ದಲು ಎತ್ತಿದ ಬೆರಳು ಹಾಗೇ ಕೆಳಗಿಳಿಯುತ್ತದೆ. ಒಳಗೆ ಬಂದು, ಆಂಪ್ಲಿಫೈಯರ್ ಪಕ್ಕದ ಡಬ್ಬಿ ತೆಗೆದುಕೊಂಡು ಮತ್ತೆ ಹೋಗುತ್ತಾರೆ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು ಡಬ್ಬಿ ಬಿಚ್ಚುತ್ತಾರೆ. ಅರ್ಧ ಊಟವನ್ನು ಮುಚ್ಚಳಕ್ಕೆ ಬಡಿಸಿ, ಅವಳ ಮಂಡಿಯ ಪಕ್ಕಕ್ಕೆ ಸರಿಸುತ್ತಾರೆ.