ದೃಷ್ಟಿಬೊಟ್ಟು

ಕನ್ನಡಕವನ್ನು ಸೆರಗಿನ ತುದಿಯಿಂದ ಒರೆಸಬಾರದೆಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸ್ಲೇಟಿಗೆ ಉಗುಳು ಹಚ್ಚಿ ಒರೆಸಿ, ಕಾನ್ವೆಂಟಿನ ಸಿಸ್ಟರ್ ಕೈಯಿಂದ ಸ್ಕೇಲಿನ ಪ್ರಸಾದ ಸ್ವೀಕರಿಸಿದವಳಿಗೆ ಒರೆಸುವ ಶಿಷ್ಟಾಚಾರ ತಿಳಿಯದೇ? ಆದರೂ ಮೊನ್ನೆ ಸೆರಗಿನಿಂದಲೇ ಮೂರು ಸಲ ಒರೆಸಿದೆ. ಮಸುಕು ಹೋಗಲಿಲ್ಲ. ಅದು ಗಾಜಿನದಲ್ಲ, ಕಣ್ಣಿನದೆಂದು ಹೊಳೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತ್ತು. ಅಮ್ಮನ ಕಣ್ಣುಗಳನ್ನು ನುಂಗಿದ ಸಕ್ಕರೆ ಕಾಯಿಲೆ ನನಗೂ ಬಂದು ಹತ್ತು ವರ್ಷವಾಯಿತು, ನೋಡಿ.

ವಿಜಯನಗರದ ಕಣ್ಣಾಸ್ಪತ್ರೆಯಲ್ಲಿ ಫೋಟೊ ತೆಗೆಯುವಾಕೆ ಹುಬ್ಬಳ್ಳಿ ಕಡೆಯವಳು. "ಸ್ವಲ್ಪ ಪೊರಿ ಬಂದೈತ್ರಿ ಆಂಟಿ, ಒಳಗಿನ ಫೋಟೊ ಮಬ್ಬಾಗೈತಿ. ಎಐಗೆ ಕೊಟ್ರ ಕ್ಲಿಯರ್ ಮಾಡ್ತೈತಿ."

"ಕ್ಲಿಯರ್ ಮಾಡೋವಾಗ ಇರೋ ಚುಕ್ಕೇನೂ ಒರೆಸಿಬಿಟ್ರೆ?"

"ಸ್ಟುಡಿಯೊ ಅಲ್ರಿ ಇದು!" ಎಂದು ನಕ್ಕಳು.

ಅವಳಿಗೇನು ಗೊತ್ತು! ರಾಜಾಜಿನಗರದ ಸ್ಟುಡಿಯೊದವನೊಬ್ಬ ಸೌಂದರ್ಯವರ್ಧನೆಯ ಉತ್ಸಾಹದಲ್ಲಿ ನನ್ನ ಎಡಗೆನ್ನೆಯ ಮಚ್ಚೆಯನ್ನು ಅಳಿಸಿಹಾಕಿದ್ದರಿಂದ, ಹೆಣ್ಣು ನೋಡಲು ಬಂದ ಅತ್ತೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಫೋಟೊದಲ್ಲಿದ್ದ ಹುಡುಗಿ ಎಲ್ಲಿ?" ಎಂದು ಕೇಳಿಬಿಟ್ಟಿದ್ದರು. "ದೃಷ್ಟಿಬೊಟ್ಟು ಕಣ್ರೀ, ದೇವರೇ ಇಟ್ಟಿದ್ದು" ಎಂದು ಅಮ್ಮ ಸಂಭಾಳಿಸಿದ್ದಳು. ಕಡೆಗಾಲದಲ್ಲಿ ಅದೇ ಅಮ್ಮ, ನಾನು ಹತ್ತಿರ ಕೂತರೆ ಕೆನ್ನೆಯೆಲ್ಲ ತಡವಿ, ಬೆರಳಿಗೆ ಆ ಮಚ್ಚೆ ಸಿಕ್ಕ ಮೇಲೆಯೇ "ನೀನಾ? ಬಾರೇ" ಅನ್ನುತ್ತಿದ್ದಳು. ಹೀಗಾಗಿ ಚೊಕ್ಕಮಾಡುವ ಅತ್ಯುತ್ಸಾಹಿಗಳೆಂದರೆ, ಮನುಷ್ಯರಿರಲಿ ಯಂತ್ರವಿರಲಿ, ನನಗೆ ಭಯ.

ಡಾಕ್ಟರ್ ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. "ಚೊಕ್ಕ ಮಾಡಿದ್ದನ್ನಷ್ಟೇ ನಂಬಲ್ಲಮ್ಮ, ಮೂಲಾನೂ ನೋಡ್ತೀವಿ." ಚೊಕ್ಕ ಮಾಡಿದ್ದರಲ್ಲಿ, ಕಿತ್ತಳೆ ಬಣ್ಣದ ಚಂದ್ರನಂತೆ ಕಾಣುವ ನನ್ನ ಕಣ್ಣಿನ ಒಳಪದರದ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಕೆಂಪು ಚುಕ್ಕೆ. ಅವರ ಬೆರಳು ಮಬ್ಬು ಚಿತ್ರದ ಅದೇ ಜಾಗಕ್ಕೆ ಸರಿಯಿತು. ಅಲ್ಲೂ ಇತ್ತು, ಇದ್ದೂ ಇಲ್ಲದ ಹಾಗೆ.

"ಯಂತ್ರ ಹುಟ್ಟಿಸಿದ್ದಲ್ಲ, ನಿಮ್ಮದೇ. ಈಗಿನ್ನೂ ಶುರು. ಶುಗರ್ ಹಿಡಿತದಲ್ಲಿಡಿ, ಮೂರು ತಿಂಗಳಿಗೆ ಬಂದು ತೋರಿಸಿ."

ದೃಷ್ಟಿಗೇ ದೃಷ್ಟಿಬೊಟ್ಟು ಇಟ್ಟುಕೊಂಡವಳು ನಾನೊಬ್ಬಳೇ ಇರಬೇಕು ಎಂದು ನಗಲು ಹೋದೆ, ನಗು ಬರಲಿಲ್ಲ. ಯಂತ್ರ ಆ ಚುಕ್ಕೆಯನ್ನು ಅಳಿಸಿಹಾಕಿದ್ದರೆ ನಿಶ್ಚಿಂತಳಾಗಿ ಮನೆಗೆ ಹೋಗಿ ಪಾಯಸ ಮಾಡಿ ಕುಡಿಯುತ್ತಿದ್ದೆನಲ್ಲ ಎಂದುಕೊಂಡು, ಮತ್ತೆ ಬರಬೇಕಾದ ದಿನವನ್ನು ಚೀಟಿಯ ಮೇಲೆ ಬರೆಸಿಕೊಂಡೆ.

ವಾಪಸು ಬರುವಾಗ ಆಟೊದಲ್ಲಿ ಕನ್ನಡಕ ತೆಗೆದು, ಈ ಸಲ ಅದರದೇ ಬಟ್ಟೆಯಿಂದ, ಮತ್ತೆ ಮತ್ತೆ ಒರೆಸಿದೆ.

"ಡ್ರಾಪ್ಸ್ ಹಾಕಿದಾರೆ ಕಣೇ, ಸಂಜೆವರೆಗೂ ಮಬ್ಬೇ. ಎಷ್ಟು ಒರೆಸ್ತೀಯ?" ಅಂದರು ಪಕ್ಕದಲ್ಲಿ ಕೂತಿದ್ದ ನಮ್ಮವರು.

ಒರೆಸುವುದನ್ನು ನಿಲ್ಲಿಸಿದೆ. ಕಣ್ಣು ಮುಚ್ಚಿ ಎಡಗೆನ್ನೆ ತಡವಿಕೊಂಡೆ. ಇತ್ತು.