ಗುಂಡಿ, ಕಾಜ ಮತ್ತು ಹಾರನ್

ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮದುವೆಯ ಮಾತನ್ನು ಯಾರಾದರೂ ಕೆದಕಿದರೆ, "ನನ್ನ ಅಳತೆಗೆ ಸರಿಹೋಗೋನು ಸಿಗ್ಲಿಲ್ಲ" ಎಂದು ನಕ್ಕು ಮಷೀನು ತುಳಿಯುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನಡಿ ಅವಳ ಎರಡು ನಾಯಿಗಳು: ಮುದಿ ಹೆಣ್ಣು ಗುಂಡಿ, ಪುಂಡ ಗಂಡು ಕಾಜ. ಗುಂಡಿ ಇದ್ದ ಮೇಲೆ ಅದು ತೂರುವ ಕಾಜ ಇರಲೇಬೇಕಲ್ಲ ಎನ್ನುವುದು ಅವಳ ವಾದ.

ಲಾರಿ ಓಡಿಸುತ್ತಿದ್ದ ತಮ್ಮ, ಸರಕಿನ ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಅಕ್ಕನ ಮನೆ ಸೇರಿದ. ಜೊತೆಗೆ ಅವನ ನಾಯಿಯೂ ಬಂತು. ಕರುವಿನಷ್ಟು ಎತ್ತರ, ಬೊಗಳಿದರೆ ಕಿಟಕಿಯ ಗಾಜು ಅದುರುತ್ತಿತ್ತು. ಅದಕ್ಕೇ ಅದರ ಹೆಸರು ಹಾರನ್.

ಬಂದ ವಾರದೊಳಗೇ ಹಾರನ್‌ಗೂ ಕಾಜನಿಗೂ ಕುಸ್ತಿ ಶುರುವಾಯಿತು. ಗುರ್ ಎನ್ನುವುದು, ಕುತ್ತಿಗೆಗೆ ಬಾಯಿ ಹಾಕುವುದು, ಒಂದರ ಮೇಲೊಂದು ಉರುಳುವುದು. ಉರುಳುತ್ತ ಹೋಗಿ ಗುಂಡಿಯ ಮೇಲೆ ಬಿದ್ದರೆ ಆ ಮುದುಕಿ ಕುಂಯ್ ಎನ್ನುತ್ತ ಎದ್ದು ಜಾಗ ಬದಲಿಸುತ್ತಿತ್ತು. ಟೈಲರಕ್ಕನಿಗೆ ಹೊಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ.

"ಬಿಡಕ್ಕಾ, ಆಡ್ಕೊಳ್ತಾ ಇದಾವೆ" ಎನ್ನುತ್ತಿದ್ದ ತಮ್ಮ, ಮಂಚದಲ್ಲಿ ಮಲಗಿದ್ದಲ್ಲಿಂದಲೇ.

"ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂದ ಹಾಗಾಯ್ತು. ಕಾಜನಿಗೆ ಏನಾದ್ರೂ ಆದ್ರೆ?"

ಒಂದು ಬೆಳಿಗ್ಗೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿಯೇಬಿಟ್ಟಳು: "ನೀನು ಎಷ್ಟು ದಿನ ಬೇಕಾದ್ರೂ ಇರಪ್ಪ. ಹಾರನ್‌ಗೆ ಮಾತ್ರ ಬೇರೆ ಕಡೆ ನೋಡು." ತಮ್ಮ ಗೋಡೆಯ ಕಡೆ ತಿರುಗಿ ಮಲಗಿದ. ತಿಂಡಿಯನ್ನೂ ಮುಟ್ಟಲಿಲ್ಲ.

ಅದೇ ಮಧ್ಯಾಹ್ನ ಅವಳು ಕೋಟೊಂದರ ಬಟ್ಟೆ ಕತ್ತರಿಸುತ್ತಿದ್ದಾಗ ತಮ್ಮ ಮಲಗಿದ್ದ ಹಿಂದಿನ ಕೋಣೆಯಿಂದ ಕಾಜನ ಚೀರಾಟ ಕೇಳಿತು. ಅಂಥ ಸದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಓಡಿದಳು. ಕಾಜನ ಬಾಯಿ ಹಾರನ್‌ನ ಕುತ್ತಿಗೆಯಲ್ಲಿತ್ತು. ಕೈಗೆ ಸಿಕ್ಕ ಕೊಡದ ನೀರನ್ನು ಸುರಿದಳು, ಬಿಡಲಿಲ್ಲ. ಹಿಡಿದು ಎಳೆದಳು, ಚೀರಾಟ ಇನ್ನೂ ಜೋರಾಯಿತು. ಆಗ ಕಣ್ಣಿಗೆ ಬಿತ್ತು: ಕಾಜ ಕಚ್ಚಿರಲೇ ಇಲ್ಲ. ಆಟದಲ್ಲಿ ಅದರ ಕೆಳದವಡೆ ಹಾರನ್‌ನ ಕೊರಳಪಟ್ಟಿಯೊಳಗೆ ತೂರಿ, ಹೊರಳಿದ ರಭಸಕ್ಕೆ ಪಟ್ಟಿ ಹುರಿಯಂತೆ ತಿರುಚಿಕೊಂಡಿತ್ತು. ಕಾಜ ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಹಾರನ್‌ನ ಉಸಿರು ಕಟ್ಟುತ್ತಿತ್ತು. ಅಷ್ಟು ದೊಡ್ಡ ಗಂಟಲಿನಿಂದ ಸದ್ದೇ ಇಲ್ಲ.

"ಎಳೀಬೇಡ ಅಕ್ಕಾ! ಹತ್ರ ತಳ್ಳು, ಹತ್ರ!" ಎನ್ನುತ್ತ ತಮ್ಮ ಮಂಚದಿಂದ ಇಳಿದೇಬಿಟ್ಟ. ಸೊಂಟದ ನೋವು ಮರೆತು ಮೊಣಕಾಲೂರಿ, ಎರಡೂ ನಾಯಿಗಳನ್ನು ಎದೆಗೆ ಅವುಚಿಕೊಂಡ. ಪಟ್ಟಿ ಕೂದಲೆಳೆಯಷ್ಟು ಸಡಿಲವಾಯಿತು. ಓಡಿಬಂದಾಗ ಕೈಯಲ್ಲಿದ್ದ ಕತ್ತರಿ ಅವಳ ಪಕ್ಕದಲ್ಲೇ ಬಿದ್ದಿತ್ತು. ದಪ್ಪ ಪಟ್ಟಿಯ ಕೆಳಗೆ ಅದರ ತುದಿ ತೂರಿಸಿ, ಹಲ್ಲು ಕಚ್ಚಿ ಒತ್ತಿದಳು. ಮೊದಲ ಸಲ ಅರ್ಧ ಕತ್ತರಿಸಿತು, ಎರಡನೆಯ ಸಲ ಪೂರ್ತಿ.

ಹಾರನ್ ಧೊಪ್ಪನೆ ಬಿತ್ತು. ನಾಲಿಗೆ ನೀಲಿಗಟ್ಟಿತ್ತು. ಅಕ್ಕ ತಮ್ಮ ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಪಕ್ಕೆ ಒಮ್ಮೆ ಉಬ್ಬಿತು, ಇನ್ನೊಮ್ಮೆ ಉಬ್ಬಿತು. ಆಮೇಲೆ ಅದು ಕೆಮ್ಮಿತು. ಹೋದ ಜೀವ ಬಂದಂತಾಗಿ ಟೈಲರಕ್ಕ ಒದ್ದೆ ನೆಲದ ಮೇಲೇ ಕುಸಿದು ಕೂತು ಗಳಗಳನೆ ಅತ್ತಳು. ಕಾಜ ತೆವಳಿಕೊಂಡು ಹೋಗಿ ಹಾರನ್‌ನ ಮುಖ ನೆಕ್ಕತೊಡಗಿತು.

ಇಬ್ಬರೂ ನಾಯಿಗಳನ್ನು ಆಸ್ಪತ್ರೆಗೆ ಕರೆದೊಯ್ದರು. ಪಶುವೈದ್ಯೆ ಗಂಟಲು, ದವಡೆ ಎಲ್ಲ ಮುಟ್ಟಿ ನೋಡಿ, "ಕಾಜನ ಒಂದು ಹಲ್ಲು ಮುಕ್ಕಾಗಿದೆ, ಅಷ್ಟೇ. ಆಡುವಾಗ ಒಂದ್ಸಲ ಇದು ಕೆಳಗೆ, ಒಂದ್ಸಲ ಅದು ಕೆಳಗೆ ಆಗ್ತಿತ್ತಾ?" ಎಂದು ಕೇಳಿದರು.

"ಹೌದು ಡಾಕ್ಟ್ರೇ. ದೊಡ್ಡದು ಬೇಕಂತಲೇ ಅಂಗಾತ ಬೀಳ್ತಿತ್ತು" ಎಂದ ತಮ್ಮ.

"ಹಾಗಾದ್ರೆ ಅದು ಆಟಾನೇ. ಮೈ ಸೆಟೆದು, ಸದ್ದಿಲ್ಲದೆ ದುರುಗುಟ್ಟಿಕೊಂಡು ನಿಂತ್ರೆ ಆಗ ಹೆದರಿ. ಮನೆಯೊಳಗೆ ಪಟ್ಟಿ ಹಾಕ್ಬೇಡಿ. ಆಟ ಕಾವೇರೋಕೆ ಮುಂಚೆನೇ ಕರೆದು ಬೇರೆ ಮಾಡಿ, ತಣ್ಣಗಾದ ಮೇಲೆ ಬಿಡಿ. ನಿಮ್ಮ ಮುದುಕಿ ಗುಂಡಿಗೆ ಮಾತ್ರ ಬೇರೆ ಜಾಗ ಬೇಕು."

ದ್ವೇಷವಲ್ಲ, ಆಟ! ವಾಪಸು ಬರುವಾಗ ಟೈಲರಕ್ಕನಿಗೆ ತಲೆಯ ಮೇಲಿನ ಬಂಡೆ ಇಳಿಸಿದಷ್ಟು ಹಗುರವಾಗಿತ್ತು. "ಬೆಳಿಗ್ಗೆ ನಾನಂದ ಮಾತು ಮರೆತುಬಿಡೋ" ಎಂದಳು. ತಮ್ಮ, "ಯಾವ ಮಾತು?" ಎಂದ.

ಅಡುಗೆಮನೆ ಬಾಗಿಲಿಗೆ ಅಡ್ಡ ಹಲಗೆ ನಿಂತಿತು. ಅದರಾಚೆ ಗುಂಡಿಯ ಏಕಾಂತ. ತಮ್ಮ ಸ್ಟೂಲು ಹಾಕಿಕೊಂಡು ಬಿಸ್ಕತ್ತಿನ ಡಬ್ಬಿ ಹಿಡಿದು ಆಟದ ಉಸ್ತುವಾರಿ ವಹಿಸಿಕೊಂಡ. ಗುರುಗುಟ್ಟುವಿಕೆ ಜೋರಾದರೆ "ಬ್ರೇಕ್!" ಎಂದು ಕೂಗುತ್ತಿದ್ದ. ಕಾಜ ಬಿಸ್ಕತ್ತಿನ ಆಸೆಗೆ ತಕ್ಷಣ ಓಡಿಬರುತ್ತಿತ್ತು. ಹಾರನ್ ಮೊದಮೊದಲು ಕಿವುಡನಂತೆ ನಟಿಸಿತು. ತನ್ನ ಪಾಲಿನ ಬಿಸ್ಕತ್ತನ್ನೂ ಕಾಜನೇ ತಿನ್ನುವುದು ಕಂಡ ಮೇಲೆ ಅದಕ್ಕೂ ಕಿವಿ ಕೇಳಿಸತೊಡಗಿತು. ಎರಡೂ ಒಂದಿಷ್ಟು ಹೊತ್ತು ಏದುಸಿರು ಬಿಡುತ್ತ ಮಲಗಿ, ಮತ್ತೆ ತಾವಾಗಿಯೇ ಬಾಲ ಆಡಿಸುತ್ತ ಏಳುತ್ತಿದ್ದವು.

ನಾಯಿಗಳ ಹಿಂದೆ ಎದ್ದು ಕೂತು ಮಾಡಿ ತಮ್ಮನ ಸೊಂಟವೂ ಹದಕ್ಕೆ ಬಂತು. ಶಾಲೆಯೊಂದರ ವ್ಯಾನು ಓಡಿಸುವ ಕೆಲಸ ಸಿಕ್ಕ ದಿನ ಅವನು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

"ಅಕ್ಕಾ, ಹಗಲು ಹೊತ್ತು ಹಾರನ್‌ನ ಎಲ್ಲಿ ಬಿಡ್ಲಿ?"

ಟೈಲರಕ್ಕ ಸೂಜಿಗೆ ದಾರ ಪೋಣಿಸುತ್ತಲೇ, "ಕೇಳೋ ಮಾತೇನೋ ಇದು? ಹೊತ್ತಾಯ್ತು, ಹೊರಡು" ಎಂದಳು.